ಕೊಚ್ಚಿಯಲ್ಲಿ ಇಳಿದವರು

"ಸಂಜೆ ಹಡಗು ಹೊರಡುವಾಗ ನಾನು ಇರಲ್ಲ."

ಇಷ್ಟು ಹೇಳಿ ಲೋಹಿತಾ ಹಡಗಿನ ಮೆಟ್ಟಿಲ ಕಂಬಿಯನ್ನು ಬಿಗಿಯಾಗಿ ಹಿಡಿದುಕೊಂಡಳು. ಹಿಂದೆ ಜನ, ಮುಂದೆ ಜನ, ಎಲ್ಲರಿಗೂ ಕೊಚ್ಚಿಯಲ್ಲಿ ಇಳಿಯುವ ಅವಸರ. ಒಂದು ಮೆಟ್ಟಿಲು ಕೆಳಗಿದ್ದ ರೇಣುಕಪ್ರಸಾದ್ ತಿರುಗಿ ನೋಡಿದ.

ಗಂಡ ಹೆಂಡತಿಯ ಕಣ್ಣು ಕಣ್ಣು ಸೇರಿ ಎಷ್ಟು ಕಾಲವಾಗಿತ್ತೋ! ಅವನ ಕಣ್ಣಲ್ಲಿ ಕೋಪ ಇರುತ್ತದೆ ಎಂದುಕೊಂಡಿದ್ದಳು ಲೋಹಿತಾ. ಕೋಪ ಇರಲಿಲ್ಲ, ಭಯ ಇತ್ತು. ಅದನ್ನು ಕಂಡು ಅವಳಿಗೇ ಕಸಿವಿಸಿಯಾಯಿತು.

"ಇರಲ್ಲ ಅಂದ್ರೆ?"

"ಎರ್ನಾಕುಲಂನಿಂದ ರೈಲಿಗೆ ಟಿಕೆಟ್ ಮಾಡ್ಸಿದೀನಿ. ಬೆಂಗಳೂರಿಗೆ ಹೋಗಿ, ಅಲ್ಲಿಂದ ಪಾವಗಡದ ಬಸ್ಸು ಹಿಡೀತೀನಿ. ಅಮ್ಮನ ಮನೆಗೆ. ಇನ್ನು ಮಧುಗಿರಿಗೆ ಬರಲ್ಲ ರೀ."

ಅವನು ಬಾಯಿ ತೆರೆದ. ಅಷ್ಟರಲ್ಲಿ ಹಿಂದಿನಿಂದ ದೊಡ್ಡ ದನಿ ಬಂತು.

"ಏನ್ಲಾ ಪ್ರಸಾದಾ, ಮೆಟ್ಲ ಮ್ಯಾಲೇ ಸಂಸಾರ ಹೂಡ್ಬುಟ್ಯಾ? ಇಳೀಲಾ ಕೆಳಕ್ಕೆ. ರೂಮ್ ಕೊಟ್ಟವ್ರಲ್ಲ, ಅಲ್ಲಿ ಮಾತಾಡ್ಕಳಿ."

ಕೊರಟಗೆರೆಯ ವೃಷಭೇಂದ್ರಪ್ಪ, ಪ್ರಸಾದನ ಹಾಗೇ ಮೈಕ್‌ಸೆಟ್ ಅಂಗಡಿಯವರು. ಪಕ್ಕದಲ್ಲಿ ಅವರ ಹೆಂಡತಿ ಶಿವರುದ್ರಮ್ಮ, ಹಣೆಯ ತುಂಬ ವಿಭೂತಿ, ಕೈಯಲ್ಲಿ ಚಕ್ಕುಲಿ ತುಂಬಿದ ಚೀಲ. ಪ್ರಸಾದ್ ಮಾತು ನುಂಗಿಕೊಂಡು ಕೆಳಗಿಳಿದ. ಲೋಹಿತಾಳೂ ಇಳಿದಳು. ಅವಳ ಹೆಗಲಲ್ಲಿ ಒಂದು ಬ್ಯಾಗಿತ್ತು. ಪೇಟೆ ಸುತ್ತಲು ಹೊರಟವರು ಅಷ್ಟು ದೊಡ್ಡ ಬ್ಯಾಗು ಯಾಕೆ ಹೊರುತ್ತಾರೆ ಎಂದು ಅವನಿಗೆ ಆಗಲೇ ಹೊಳೆಯಬೇಕಿತ್ತು. ಹೊಳೆದಿರಲಿಲ್ಲ. ಈ ಮನುಷ್ಯನಿಗೆ ಹೊಳೆಯುವುದೆಲ್ಲ ಯಾವಾಗಲೂ ಒಂದು ಗಳಿಗೆ ತಡ.

ಈ ಜೋಡಿ ಹಡಗು ಹತ್ತಿದ್ದನ್ನು ಮೊದಲು ಹೇಳಿಬಿಡಬೇಕು. ಪ್ರಸಾದ್‌ಗೆ ಮಧುಗಿರಿಯಲ್ಲಿ ಮೈಕ್‌ಸೆಟ್ ಅಂಗಡಿ. ಮದುವೆ, ನಾಮಕರಣ, ಚುನಾವಣೆ, ಯಾವುದಿದ್ದರೂ ಸುತ್ತಿನ ಊರುಗಳಿಗೆಲ್ಲ ಅವನದೇ ಸ್ಪೀಕರು. ಜೊತೆಗೆ ಒಂದು ಆಂಪ್ಲಿಫೈಯರ್ ಕಂಪನಿಯ ಡೀಲರು. ಹೆಚ್ಚು ಮಾಲು ಮಾರಿದ ಡೀಲರುಗಳನ್ನು ಕಂಪನಿಯವರು ಜೋಡಿ ಸಮೇತ ಮುಂಬೈಯಲ್ಲಿ ಹಡಗು ಹತ್ತಿಸಿದ್ದರು. ಗೋವಾ ಮುಗಿಯಿತು, ಕೊಚ್ಚಿಯಲ್ಲಿ ಒಂದು ಹಗಲು ನಿಲುಗಡೆ, ಆಮೇಲೆ ಲಕ್ಷದ್ವೀಪ. ಟಿಕೆಟ್ಟಿನಲ್ಲಿ ಹೆಂಡತಿಯ ಹೆಸರಿತ್ತು. ಬರುವುದಿಲ್ಲ ಎಂದರೆ ಹತ್ತು ಜನ ಯಾಕೆ ಎಂದು ಕೇಳುತ್ತಾರೆ. ಅದಕ್ಕೆ ಬಂದಿದ್ದಳು, ಅಷ್ಟೇ.

ಹಡಗಿನ ರೂಮಿನಲ್ಲಿ ಒಂದೇ ಮಂಚ. ಮಧ್ಯೆ ದಿಂಬಿಟ್ಟು ಮಲಗುತ್ತಿದ್ದರು. ಮಧುಗಿರಿಯ ಮನೆಯಲ್ಲೂ ಹಾಗೇ... ನಾಲ್ಕು ವರ್ಷದಿಂದ.

*

ಕೊಚ್ಚಿ ಚೆನ್ನಾಗಿತ್ತು. ಮನಸ್ಸು ನೆಟ್ಟಗಿಲ್ಲದವರಿಗೆ ಚೆಂದದ ಊರಿಗಿಂತ ದೊಡ್ಡ ಶಿಕ್ಷೆ ಬೇರೆ ಇಲ್ಲ.

ದಡದ ಉದ್ದಕ್ಕೂ ದೊಡ್ಡ ದೊಡ್ಡ ಚೀನಾ ಬಲೆಗಳು. ಮರದ ತೊಲೆಗೆ ಕಟ್ಟಿದ ಕಲ್ಲುಗಳನ್ನು ಎಳೆದರೆ ಬಲೆ ನಿಧಾನವಾಗಿ ನೀರಿನಿಂದ ಮೇಲೆ ಬರುತ್ತಿತ್ತು. ವೃಷಭೇಂದ್ರಪ್ಪ ಪಂಚೆ ಎತ್ತಿ ಕಟ್ಟಿ, ಮೀನುಗಾರರ ಜೊತೆ ಸೇರಿ ಹಗ್ಗ ಎಳೆದರು. ಬಲೆಯಲ್ಲಿ ನಾಲ್ಕು ಮೀನು ಒದ್ದಾಡುತ್ತಿದ್ದದ್ದು ಕಂಡಿದ್ದೇ ತಡ, ಹಗ್ಗ ಬಿಟ್ಟು ಹಿಂದೆ ಸರಿದರು.

"ಶಿವ ಶಿವಾ. ಲಿಂಗ ಕಟ್ಕಂಡೋನು ಮೀನು ಹಿಡಿದ್ಬುಟ್ನಲ್ಲೇ," ಎಂದು ಹೆಂಡತಿಯ ಮುಖ ನೋಡಿದರು.

"ಹಿಡಿದೋನು ನೀನಲ್ಲ, ಬಲೆ. ಬಾ ಈಚೆಗೆ," ಎಂದರು ಶಿವರುದ್ರಮ್ಮ.

ಲೋಹಿತಾಳಿಗೆ ನಗು ಬಂತು. ತಕ್ಷಣ ಪ್ರಸಾದನತ್ತ ನೋಡಿದಳು. ಅವನೂ ನಗುತ್ತಿದ್ದ. ಇಬ್ಬರೂ ಒಟ್ಟಿಗೆ ನಗು ನಿಲ್ಲಿಸಿದರು.

ಮದುವೆಯಾದ ಹೊಸದರಲ್ಲಿ ಎಷ್ಟು ನಗಿಸುತ್ತಿದ್ದ ಇವನು... ರಾತ್ರಿ ಕೆಲಸ ಮುಗಿಸಿ ಬಂದರೆ ಬಾಗಿಲಲ್ಲೇ ನಿಂತು, "ಹಲೋ, ಮೈಕ್ ಟೆಸ್ಟಿಂಗ್, ಪಾವಗಡದ ಹುಡುಗಿ ಎಲ್ಲಿದ್ರೂ ವೇದಿಕೆಗೆ ಬರಬೇಕು" ಎನ್ನುತ್ತಿದ್ದ. ಆ ಮನುಷ್ಯ ಎಲ್ಲಿ ಹೋದ?

ಮಧ್ಯಾಹ್ನ ಸಸ್ಯಾಹಾರಿ ಹೋಟೆಲು ಹುಡುಕುವಷ್ಟರಲ್ಲಿ ಎಲ್ಲರಿಗೂ ಸಾಕುಸಾಕಾಯಿತು. ಎಲೆಯ ಮುಂದೆ ಕೂತ ಮೇಲೆ ಶಿವರುದ್ರಮ್ಮ ಲೋಹಿತಾಳ ತೊಡೆ ತಟ್ಟಿದರು.

"ಅಲ್ಲ ಕಣಮ್ಮ, ಹಿಂಗೆ ಊರೂರು ಸುತ್ಕಂಡಿದ್ರೆ ಹೆಂಗೆ? ಮನೆಗೊಂದು ಕೂಸು ಬ್ಯಾಡ್ವಾ?"

ಲೋಹಿತಾಳ ಕೈ ಅನ್ನದಲ್ಲೇ ನಿಂತಿತು. ಅವಳ ಒಳಗೆ ಯಾರೋ ಬಾಗಿಲು ಹಾಕಿಕೊಂಡ ಹಾಗಾಯಿತು.

"ಅಕ್ಕಾ, ಊಟ ಮಾಡಿ," ಎಂದ ಪ್ರಸಾದ್. ದನಿ ಮೆಲ್ಲಗಿತ್ತು. "ಆ ಮಾತು ಬ್ಯಾಡ. ಒಂದು ಆಗಿತ್ತು ನಮಗೆ. ಉಳೀಲಿಲ್ಲ."

ಶಿವರುದ್ರಮ್ಮ ಕಣ್ಣು ತಗ್ಗಿಸಿ, ಲೋಹಿತಾಳ ಎಲೆಗೆ ತಮ್ಮ ಹಪ್ಪಳ ಹಾಕಿದರು.

ಲೋಹಿತಾ ಗಂಡನ ಮುಖವನ್ನೇ ನೋಡುತ್ತಿದ್ದಳು. *ನಮಗೆ* ಅಂದನಲ್ಲ. ನಾಲ್ಕು ವರ್ಷದಲ್ಲಿ ಆ ಕೂಸನ್ನು ಅವನು 'ನಮಗೆ' ಎಂದದ್ದು ಇದೇ ಮೊದಲು. ಇಷ್ಟು ದಿನ ಅದು ಅವಳೊಬ್ಬಳ ತಪ್ಪಾಗಿತ್ತು.

*

ಆವತ್ತು ಆದದ್ದು ಇಷ್ಟು.

ಲೋಹಿತಾ ಏಳು ತಿಂಗಳ ಬಸುರಿ. ಸೀಮಂತಕ್ಕೆ ಇನ್ನೂ ದಿನ ಇತ್ತು. ಆ ವಾರವೆಲ್ಲ ತವರಿಗೆ ಹೋಗಿಬರುತ್ತೇನೆ ಎಂದು ಕೇಳುತ್ತಿದ್ದಳು. ಈ ಸ್ಥಿತಿಯಲ್ಲಿ ಬಸ್ಸು ಬೇಡ, ನಾನೇ ಕಾರು ಮಾಡಿ ಕರೆದುಕೊಂಡು ಹೋಗುತ್ತೇನೆ ಎಂದಿದ್ದ ಪ್ರಸಾದ್. ಆವತ್ತು ಅವನು ಕಳ್ಳಂಬೆಳ್ಳದಲ್ಲಿ ಒಂದು ಮದುವೆಗೆ ಸ್ಪೀಕರ್ ಕಟ್ಟುತ್ತಿದ್ದ. ಹಾಡು ಭೋರ್ಗರೆಯುತ್ತಿದ್ದಾಗ ಅವಳ ಫೋನು ಬಂತು.

ಅವಳ ಪ್ರಕಾರ, ಏನು ಎಂದು ಅವನು ಕೇಳಿದ್ದಕ್ಕೆ ಅವಳು "ಏನಿಲ್ಲ, ಸುಮ್ಮನೆ ಮಾಡಿದೆ" ಎಂದಳು. ದನಿ ಕೇಳಿಯಾದರೂ ಗೊತ್ತುಮಾಡಿಕೊಳ್ಳಲಿ ಎಂಬ ಆಸೆ. ಅವನು "ಹೋಗು ಮತ್ತೆ, ನಂಗೆ ಕೆಲ್ಸ ಐತೆ" ಎಂದು ಫೋನಿಟ್ಟ.

ಅವನ ಪ್ರಕಾರ, ಅವಳು ಊರಿಗೆ ಹೋಗುತ್ತೇನೆ ಎಂದು ಹಟ ಹಿಡಿದಳು. ರೋಸಿಹೋಗಿ ಹೋಗು ಎಂದ. ಅವಳು ಹೋಗಿಯೇಬಿಟ್ಟಳು.

ಹೌದು, ಹೋದಳು. *ಹೋಗು ಅಂದಮೇಲೆ ಈ ಮನೆಯಲ್ಲಿ ಯಾರಿಗೋಸ್ಕರ ಇರಲಿ?* ಎಂದು ಅಳುತ್ತಾ ಪಾವಗಡದ ಬಸ್ಸು ಹತ್ತಿದಳು. ಮಿಡಿಗೇಶಿ ದಾಟುವಷ್ಟರಲ್ಲಿ ಸೀರೆಯೆಲ್ಲ ರಕ್ತ. ಪಾವಗಡದ ಆಸ್ಪತ್ರೆಯಲ್ಲಿ ಹುಟ್ಟಿದ ಹೆಣ್ಣು ಕೂಸು ಅಳಲಿಲ್ಲ.

ಓಡಿಬಂದ ಪ್ರಸಾದ್ ಹಾಸಿಗೆಯ ಪಕ್ಕ ನಿಂತು ಒಂದು ಮಾತಂದ. "ಊರು ಊರು ಅಂತ ಸಾಯ್ತಿದ್ಯಲ್ಲ. ಕೂಸನ್ನ ಕೊಂದು ಊರು ಸೇರ್ದೆ." ಅಷ್ಟು ಹೇಳಿ ಹೊರಟುಹೋದ. ಲಿಂಗವನ್ನೂ ಕಟ್ಟಿಸಿಕೊಳ್ಳದೆ ಹೋದ ಆ ಕೂಸನ್ನು ಲೋಹಿತಾಳ ತವರಿನವರೇ ತಮ್ಮ ಹೊಲದ ಹುಣಸೆ ಮರದ ಕೆಳಗೆ ಮಣ್ಣು ಮಾಡಿದರು. ಅಪ್ಪ ಎನ್ನಿಸಿಕೊಂಡವನು ಒಂದು ಹಿಡಿ ಮಣ್ಣು ಹಾಕುವುದಕ್ಕೂ ಬರಲಿಲ್ಲ.

ಬಾಣಂತನ ಮುಗಿಸಿ ಅವಳು ಮಧುಗಿರಿಗೆ ವಾಪಸಾದಳು. ಹಿರಿಯರು ಕಳಿಸಿದರು, ಬಂದಳು. ಇಬ್ಬರೂ ಆ ದಿನದ ಮಾತೆತ್ತಲಿಲ್ಲ. ಎತ್ತಿದ್ದರೆ ಒಂದು ಜಗಳದಲ್ಲಿ ಮುಗಿದುಹೋಗುತ್ತಿತ್ತು. ಅಲ್ಲ, ಬಾಯಿ ಇರುವುದು ಯಾತಕ್ಕೆ ಮತ್ತೆ?

*

ಊಟವಾದ ಮೇಲೆ ವೃಷಭೇಂದ್ರಪ್ಪ ದಂಪತಿ ಒಂದು ಮರದ ನೆರಳಲ್ಲಿ ಕೂತುಬಿಟ್ಟರು. ಇವರಿಬ್ಬರೇ ಮಟ್ಟಾಂಚೇರಿಯ ಹಳೆಯ ಬೀದಿಯಲ್ಲಿ ನಡೆದರು. ಏಲಕ್ಕಿ, ಶುಂಠಿ, ಮೆಣಸಿನ ಘಾಟು. ಗೋಣಿಚೀಲಗಳ ಮೇಲೆ ಬೆಕ್ಕುಗಳು ಮಲಗಿದ್ದವು. ಪ್ರಸಾದ್ ಎರಡು ಎಳನೀರು ಕೊಡಿಸಿದ. ಅವಳ ಎಳನೀರಿನ ಗಂಜಿ ತೆಗೆಸಿ ಅವಳ ಕೈಗೇ ಕೊಟ್ಟ. ಅವಳಿಗೆ ಗಂಜಿ ಇಷ್ಟ ಎಂದು ಅವನಿಗಿನ್ನೂ ನೆನಪಿದೆ.

*ಯಾಕೆ ಇವತ್ತೇ ಇದೆಲ್ಲ?* ಎಂದುಕೊಂಡಳು ಲೋಹಿತಾ.

"ಎಷ್ಟೊತ್ತಿಗೆ ರೈಲು?" ಎಂದ.

"ಸಂಜೆ."

"ನಾನು ಬಿಟ್ಟುಬರ್ತೀನಿ ಸ್ಟೇಷನ್‌ಗೆ."

"ಬೇಡ."

ಒಂದು ಆಟಿಕೆ ಅಂಗಡಿಯ ಮುಂದೆ ಅವಳ ಕಾಲು ನಿಂತಿತು. ಮರದ ಗಿಲಕಿಗಳು ಸಾಲಾಗಿ ತೂಗುತ್ತಿದ್ದವು, ಕೆಂಪು, ಹಳದಿ. ಅವಳು ಒಂದನ್ನು ಕೈಗೆತ್ತಿಕೊಂಡಳು. ಅಲ್ಲಾಡಿಸಲಿಲ್ಲ, ಸದ್ದಾದರೆ ತಡೆದುಕೊಳ್ಳಲಾಗದು ಎಂದು ಗೊತ್ತಿತ್ತು.

ಆಗಷ್ಟೇ ಗುಂಟೂರಿನ ಕಡೆಯ ಯಾತ್ರಿಕರ ಒಂದು ಗುಂಪು ಅಂಗಡಿಯಿಂದ ಹೊರಬಿದ್ದಿತ್ತು. ಇವಳೂ ಅವರವಳೇ ಎಂದುಕೊಂಡ ಅಂಗಡಿಯವನು ಏನು ಬೇಕಮ್ಮ ಎಂದು ತೆಲುಗಿನಲ್ಲೇ ಕೇಳಿದ.

"ಏಂ ಕಾವಾಲಮ್ಮಾ?"

"ಏಮೀ ವದ್ದು. ಊರ್ಕೆ ಚೂಸ್ತುನ್ನಾ," ಎಂದುಬಿಟ್ಟಳು ಲೋಹಿತಾ.

ಪಾವಗಡದ ಕಡೆಯವರಿಗೆ ಇದು ಹೊಸದಲ್ಲ. ಅರ್ಧ ಮನೆಮಾತು ಕನ್ನಡ, ಅರ್ಧ ತೆಲುಗು. ಆದರೆ ಮಧುಗಿರಿಗೆ ಸೊಸೆಯಾಗಿ ಬಂದ ಮೊದಲ ತಿಂಗಳೇ ಅತ್ತೆ, "ನಮ್ ಮನ್ಯಾಗೆ ಆ ಎಕ್ಕಡ ಗಿಕ್ಕಡ ಬ್ಯಾಡ ಕಣಮ್ಮ" ಎಂದು ನಾಲ್ಕು ಜನರೆದುರು ನಕ್ಕಿದ್ದರು. ಆವತ್ತಿನಿಂದ ಅವಳು ನಾಲಿಗೆಗೆ ಬೀಗ ಹಾಕಿಕೊಂಡಿದ್ದಳು. ಗಂಡನ ಎದುರೂ ಒಂದು ತೆಲುಗು ಮಾತು ಆಡಿದವಳಲ್ಲ.

ಹಿಂದೆ ನಿಂತಿದ್ದ ಪ್ರಸಾದನ ಮುಖ ಗಂಟಿಕ್ಕಿತು.

"ಊರ್ಗೆ ಹೋಗೋದನ್ನ ಈ ಅಂಗಡಿಯೋನಿಗೂ ಹೇಳ್ಬೇಕಾ?"

"ಯಾವೂರು?"

"ಈಗ ಅಂದ್ಯಲ್ಲ, ಊರ್ಗೆ ಅಂತ."

"ಊರ್ಗೆ ಅಲ್ಲ ರೀ. ಊರ್ಕೆ." ಅವಳು ಬೇಸರದಿಂದಲೇ ಬಿಡಿಸಿ ಹೇಳಿದಳು. "ನಮ್ಮ ಕಡೆ ಸುಮ್ನೆ ಅನ್ನೋದಕ್ಕೆ ಊರ್ಕೆ ಅಂತೀವಿ. ಏನೂ ಬೇಡ, ಸುಮ್ನೆ ನೋಡ್ತಿದೀನಿ ಅಂದೆ ಅವನಿಗೆ."

ಪ್ರಸಾದ್ ಅಲ್ಲಾಡಲಿಲ್ಲ.

"ಇನ್ನೊಂದ್ಸಲ ಅನ್ನು."

"ಏನನ್ನ?"

"ಆ ಮಾತು."

"ಊರ್ಕೆ."

ಅವನ ಕೈ ತಾನಾಗಿ ಅಂಗಿಯೊಳಗಿನ ಲಿಂಗವನ್ನು ಹಿಡಿದುಕೊಂಡಿತು.

"ಲೋಹಿ... ಆವತ್ತು ಫೋನಲ್ಲಿ ಏನಂದೆ ನೀನು? ನಿನ್ನ ಬಾಯಲ್ಲಿ ಬಂದದ್ದು ಯಾವ ಮಾತು?"

ಗಿಲಕಿ ಅವಳ ಕೈಯಿಂದ ಜಾರಿ ನೆಲಕ್ಕೆ ಬಿತ್ತು. ಬಿದ್ದು ಗಿಲಗಿಲ ಎಂದಿತು.

*

ದಡದ ಕಲ್ಲುಕಟ್ಟೆಯ ಮೇಲೆ ಇಬ್ಬರೂ ಕೂತರು. ದೂರದಲ್ಲಿ ಅವರ ಹಡಗು ಬೆಳ್ಳಗೆ ಕಾಣುತ್ತಿತ್ತು.

"ಊರ್ಕೆ ಅಂದಿದ್ದೆ," ಎಂದಳು ಲೋಹಿತಾ. ದನಿ ಅವಳದಲ್ಲವೇನೋ ಎಂಬಂತಿತ್ತು. "ನೋವಿತ್ತು ರೀ. ನೋವಲ್ಲಿ ಅಮ್ಮನ ಮಾತೇ ಬಂದ್ಬಿಡ್ತು. ಪಕ್ಕದಲ್ಲೇ ಅತ್ತೆ ಅವರೆಕಾಯಿ ಸುಲೀತಾ ಕೂತಿದ್ರು. ಹೊಟ್ಟೆ ನೋವು ಅಂದ್ರೆ, ನಾವೇನು ಹಡೆದಿಲ್ವಾ ಅಂತಿದ್ರು. ಅದಕ್ಕೆ ಏನೂ ಹೇಳೋಕಾಗ್ಲಿಲ್ಲ. ಬೆಳಿಗ್ಗೆಯಿಂದ ಕೂಸು ಒಂದ್ಸಲವೂ ಒದ್ದಿರ್ಲಿಲ್ಲ. ಭಯ ಆಗಿತ್ತು. ನಿಮ್ಮ ದನಿ ಕೇಳಿದ್ರೆ ಸಾಕಿತ್ತು ನಂಗೆ."

"ಬೆಳಿಗ್ಗೆಯಿಂದಾನಾ?"

"ಹೂಂ."

"ಬಸ್ಸು ಹತ್ತೋಕೆ ಮುಂಚೇನೇ?"

"ಹೂಂ ರೀ."

ಪ್ರಸಾದ್ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ನಾಲ್ಕು ವರ್ಷ ಅವನು ಹೆಂಡತಿಯನ್ನು ಕೊಲೆಗಾತಿಯ ಹಾಗೆ ನೋಡಿದ್ದ. ಬಸ್ಸಿನ ಕುಲುಕಾಟವೇ ಕೂಸನ್ನು ತಿಂದಿತು ಎಂದುಕೊಂಡಿದ್ದ. ಅವಳು ಹೆದರಿ ಕೈಚಾಚಿದ್ದಳು. ಆ ಕೈಯನ್ನು ಅವನೇ ತಳ್ಳಿ, ಹೋಗು ಎಂದಿದ್ದ.

"ನಂಗೆ ಊರ್ಗೆ ಅಂತ ಕೇಳ್ತು ಕಣೇ. ವಾರದಿಂದ ಅದೇ ಕೇಳ್ತಿದ್ಯಲ್ಲ, ಅದನ್ನೇ ಅಂದೆ ಅನ್ಕಂಡೆ. ಲಿಂಗದಾಣೆಗೂ... ಸ್ಪೀಕರು ಬಡ್ಕಂತಿತ್ತು. ಎದ್ದು ನಾಲ್ಕು ಹೆಜ್ಜೆ ಆಚೆ ಹೋಗಿದ್ರೆ ಸರಿಯಾಗಿ ಕೇಳ್ತಿತ್ತು. ಹೋಗ್ಲಿಲ್ಲ. ಊರೋರ ದನಿ ಎಲ್ಲಾ ನೆಟ್ಟಗೆ ಕೇಳಿಸ್ತೀನಿ ಅಂತ ಬೋರ್ಡ್ ಹಾಕ್ಕಂಡೋನು ನಾನು."

ಅವನು ಅತ್ತ. ಮದುವೆ ಮನೆಗಳಲ್ಲಿ ಗಂಡಸರು ಕಣ್ಣೊರೆಸಿಕೊಳ್ಳುವಂತೆ ಅಲ್ಲ. ಬಾಯಿ ಬಿಟ್ಟು, ಹೆಗಲು ಕುಲುಕಿಸಿ ಅತ್ತ. ಹೋಗಿಬರುವವರು ನಿಂತು ನೋಡಿದರು.

ಲೋಹಿತಾ ಅವನನ್ನು ಮುಟ್ಟಲಿಲ್ಲ. ಮುಟ್ಟಲು ಅವಳಿಗೆ ಆಗಲಿಲ್ಲ. ಒಳಗೆ ಮೊದಲು ಎದ್ದದ್ದು ಸಿಟ್ಟು.

"ಒಂದಕ್ಷರ," ಎಂದಳು. "ಒಂದಕ್ಷರಕ್ಕೆ ನನ್ನನ್ನ ಕೊಲೆಗಾತಿ ಮಾಡಿದ್ರಿ. ಯಾಕೆ ಹಂಗಂದೆ ಅಂತ ಒಂದಿನ ಕೇಳ್ಲಿಲ್ಲ. ನಂಗೆ ಬಯ್ದಿದ್ದು ಹೋಗ್ಲಿ. ಕೂಸನ್ನ ಮಣ್ಣು ಮಾಡುವಾಗ ಎಲ್ರೂ ದಾರಿ ನೋಡ್ತಿದ್ರು. ಅಪ್ಪ ಬರ್ತಾನೆ, ಅಪ್ಪ ಬರ್ತಾನೆ ಅಂತ. ಕತ್ತಲಾದ ಮೇಲೆ ಮಣ್ಣು ಎಳೆದ್ರು. ಅದನ್ನ ಯಾವ ಅಕ್ಷರದ ಮೇಲೆ ಹಾಕ್ತೀರಿ?"

ಅವನು ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡ.

"ಅದು ನಂದೇ," ಎಂದ. "ಅದಕ್ಕೆ ಯಾವ ಅಕ್ಷರವೂ ಇಲ್ಲ."

ಆ ಮಾತು ಕೇಳಿದ ಮೇಲೇ ಲೋಹಿತಾಳೂ ಅತ್ತದ್ದು. ಅವನು ತಪ್ಪಿಸಿಕೊಳ್ಳಲು ನೋಡಿದ್ದರೆ ಎದ್ದು ಹೋಗಿಬಿಡುತ್ತಿದ್ದಳು. ಅವನು ತಪ್ಪಿಸಿಕೊಳ್ಳಲಿಲ್ಲ.

ಅವಳಿಗೂ ಒಂದು ಮಾತು ಚುಚ್ಚುತ್ತಿತ್ತು. ಹೋಗು ಅಂದಾಗ, ಯಾಕ್ರೀ ಹಂಗಂತೀರಿ ಎಂದು ಅವಳಾದರೂ ತಿರುಗಿ ಫೋನು ಮಾಡಬಹುದಿತ್ತು. ಮಾಡಲಿಲ್ಲ. ಅದನ್ನು ಬಾಯಿಬಿಟ್ಟು ಹೇಳಿದಳು. ಅವನು ಬೇಡ ಎಂಬಂತೆ ತಲೆಯಾಡಿಸಿದ.

ಬಿಸಿಲು ಇಳಿಯುತ್ತಿತ್ತು. ಹಡಗು ಒಮ್ಮೆ ಕೂಗಿತು.

"ಹೊರಡಿ," ಎಂದಳು ಲೋಹಿತಾ, ಸೆರಗಿನಿಂದ ಮುಖ ಒರೆಸಿಕೊಂಡು. "ಗೇಟು ಹಾಕ್ಬಿಡ್ತಾರೆ."

"ನೀನು?"

"ನಂಗೆ ರೈಲಿದೆ."

ಅವನು ಅವಳನ್ನು ತಡೆಯಲಿಲ್ಲ. ಬ್ಯಾಗು ಎತ್ತಿಕೊಂಡು ರಸ್ತೆಗೆ ನಡೆದು ಒಂದು ಆಟೋ ನಿಲ್ಲಿಸಿದ. ಬ್ಯಾಗನ್ನು ಒಳಗಿಟ್ಟ. ಲೋಹಿತಾ ಹತ್ತಿ ಕೂತಳು. *ಇಷ್ಟೇನಾ? ಇಲ್ಲಿಗೇ ಮುಗೀತಾ?*

ಅವನ ಫೋನು ಬಡಿದುಕೊಂಡಿತು. ವೃಷಭೇಂದ್ರಪ್ಪನವರ ದನಿ ಆಚೆಗೂ ಕೇಳುತ್ತಿತ್ತು.

"ಲೇ ಪ್ರಸಾದಾ, ಎಲ್ಲಿ ಸತ್ತೆ? ಹಡಗು ಹೊಂಟೋಯ್ತದೆ ಕಣ್ಲಾ."

"ಹೋಗ್ಲಿ ಬುಡಣ್ಣ. ನಮ್ಮ ರೂಮಲ್ಲಿ ಒಂದು ಸೂಟ್‌ಕೇಸ್ ಐತೆ. ಬರುವಾಗ ತಂದ್ಬುಡು."

"ಏನಾಯ್ತ್ಲಾ? ಲಕ್ಷದ್ವೀಪ ಬ್ಯಾಡ್ವಾ?"

"ಬ್ಯಾಡ ಕಣಣ್ಣ."

ಫೋನು ಜೇಬಿಗಿಟ್ಟ. ಆಟೋದ ಕಂಬಿ ಹಿಡಿದು, ಒಳಗೆ ಬಗ್ಗಿ ನಿಂತ. ಹತ್ತಲಿಲ್ಲ.

"ಆ ಹುಣಸೆ ಮರ..." ಎಂದ. ಮತ್ತೆ ಶುರು ಮಾಡಿದ. "ಕೂಸು ಎಲ್ಲಿ ಮಲಗದೆ ಅಂತ ನಂಗೆ ಗೊತ್ತಿಲ್ಲ ಲೋಹಿ. ತೋರಿಸ್ತೀಯಾ?"

ಆಟೋದವನು ಹಿಂತಿರುಗಿ ನೋಡಿ ಇಂಜಿನ್ ಆರಿಸಿದ.

"ನಾನು ಮಧುಗಿರಿಗೆ ಬರ್ತೀನಿ ಅಂತ ಹೇಳಿಲ್ಲ."

"ಗೊತ್ತು. ನೀನು ಎಲ್ಲಿರ್ತೀಯೋ ಅಲ್ಲೇ ಮೈಕ್ ಕಟ್ತೀನಿ. ಪಾವಗಡದೋರೇನು ಮದುವೆ ಮಾಡಲ್ವಾ?"

"ಟಿಕೆಟ್ಟು ಒಂದೇ ಇದೆ."

"ಜನರಲ್ ಬೋಗಿಲಿ ನಿಂತ್ಕಂಡು ಬರ್ತೀನಿ."

ದೂರದಲ್ಲಿ ಹಡಗು ಮತ್ತೆ ಕೂಗಿತು. ಈ ಸಲ ಉದ್ದವಾಗಿ. ಇಬ್ಬರೂ ಆ ಕಡೆ ನೋಡಲಿಲ್ಲ.

"ಬರೋದ್ಯಾಕೆ ರೀ?" ಎಂದಳು ಲೋಹಿತಾ.

"ಊರ್ಕೆ," ಎಂದ ಪ್ರಸಾದ್.

ಆ ಮಾತು ಅವನ ಬಾಯಲ್ಲಿ ತೀರಾ ಸೊಟ್ಟಗಿತ್ತು, ಮಧುಗಿರಿಯ ಮಾತಿನಂತೆಯೇ.

"ಕ ನೋ, ಗ ನೋ? ಸರಿಯಾಗಿ ಹೇಳಿ. ಈ ಸಲ ತಪ್ಪಾಗೋದು ಬೇಡ."

"ಎರಡೂ ಕಣೇ."

ಲೋಹಿತಾ ಪಕ್ಕದಲ್ಲಿದ್ದ ಬ್ಯಾಗನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡು, ಅವನಿಗೆ ಜಾಗ ಬಿಟ್ಟಳು.